ಶೇಡಿಗೆ ಬೆರೆತ ಸುಣ್ಣ

ಸಂತೆಗುಳಿ, ಕುಮಟಾ ತಾಲೂಕು
೫-೧೧-೧೯೬೨

ಚಿರಂಜೀವಿ ತಮ್ಮ ಹರಿಹರನಿಗೆ ಅಕ್ಕ ಮಹಾಲಕ್ಷ್ಮಿಯ ಆಶೀರ್ವಾದ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಮುಂಬಯಿಯ ಗಾಜಿನ ಕಾರ್ಖಾನೆಯ ಪ್ರಯೋಗಶಾಲೆ ಬಿಟ್ಟುಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಅನ್ನ ಸೇರಲಿಲ್ಲ. ಏನು ಬರೆಯಲಿ ಎಂದೂ ತಿಳಿಯಲಿಲ್ಲ. ಈಗ ಒಂದು ಸುದ್ದಿಯಿದೆ, ನಗಬೇಕೋ ಅಳಬೇಕೋ ನೀನೇ ನೋಡು.

ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೂ ಅದು ಒಡೆಯಬಾರದು, ಅದಕ್ಕೆ ಮರಳಿನ ಜೊತೆ ನಮ್ಮೂರ ಶೇಡಿ ಹಾಕಿ ನೋಡುತ್ತೇನೆ ಎಂದು ನೀನು ಬರೆದಿದ್ದೆ. ನಾವು ಗೋಡೆಗೆ ಚಿತ್ತಾರ ಬರೆಯುವ ಬಿಳಿಮಣ್ಣಿನಲ್ಲಿ ಅಲ್ಯೂಮಿನ, ಸಿಲಿಕ ಎರಡೂ ಇವೆ, ಅವು ಗಾಜಿಗೆ ಎಲುಬಿದ್ದಂತೆ ಎಂದಿದ್ದೆ. ಮನೆಗೆಲಸದ ಲಕ್ಕಿ ಅದನ್ನು ಗುಡ್ಡದಿಂದ ಅಗೆದು ತಂದಳು, ನಾನು ಪೊಟ್ಟಣ ಕಟ್ಟಿ ಕಳಿಸಿದೆ. ಎರಡು ಸಲ ಕರಗಿಸಿದರೂ ಗಾಜು ಮಜ್ಜಿಗೆಯಂತೆ ಮಂಕಾಗಿ ಬಿರುಕು ಬಿಟ್ಟಿತು, ನಿನ್ನ ಲೆಕ್ಕವೇ ತಪ್ಪೆಂದು ಸಾಹೇಬರು ಹೇಳಿದರು, ಅಲ್ಲವೇ?

ಲೆಕ್ಕ ತಪ್ಪಿಲ್ಲ ಮಾರಾಯ! ದೀಪಾವಳಿಗೆ ಗೋಡೆ ಬರೆಯಲೆಂದು ಆಯಿ ಶೇಡಿ ಕಲಸುತ್ತ ಅದಕ್ಕೊಂದು ಹಿಡಿ ಸುಣ್ಣ ಹಾಕಿದಳು. “ಅದೆಂತಕ್ಕೆ?” ಎಂದೆ.

“ಬೆಳ್ಳಗೆ ಕಾಣ್ಲಿ ಹೇಳಿ! ಹರಿಹರಂಗೆ ಕಳಸಿದ್ದಕ್ಕೂ ನಾನೇ ಹಾಕಿದ್ದಿ. ಮುಂಬೈ ಜನ ನೋಡೂದು, ಮಾಸಲು ಮಣ್ಣು ಕಳಸಿದ್ರೆ ಮರ್ಯಾದೆ ಇದ್ದಾ?”

ನಿನ್ನ ಲೆಕ್ಕದಲ್ಲಿಲ್ಲದ ಆ ಸುಣ್ಣವೇ ಗಾಜು ಕೆಡಿಸಿದ್ದು! ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮಗೆ ಹೇಳಿಕೊಟ್ಟ ತಾಯಿಯೇ ಇವಳು. ವಿಷಯ ತಿಳಿಸಿದಾಗ ಆಯಿಯ ಮುಖ ಸಪ್ಪಗಾಯಿತು. “ತಪ್ಪು ನಂದು ಹೇಳಿ ಬರೆ” ಎಂದವಳೇ ಲಕ್ಕಿಯನ್ನು ಕರೆದುಕೊಂಡು ತಾನೇ ಗುಡ್ಡ ಹತ್ತಿದಳು.

ಹೊಸ ಮಣ್ಣನ್ನು ಇದರ ಜೊತೆ ಕಳಿಸಿದ್ದೇನೆ. ನಾಲ್ಕು ಸಲ ತೊಳೆದು ಒಣಗಿಸಿದ್ದು, ಮಾಸಲಾಗಿಯೇ ಇದೆ. ಈ ಪತ್ರವನ್ನು ಸಾಹೇಬರಿಗೆ ಓದಿ ಹೇಳು, ಇನ್ನೊಂದು ಸಲ ಕರಗಿಸಲು ಕೇಳು. ಈ ಸಲ ಆಗುತ್ತದೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಒಡೆಯದ ಗಾಜು ಮಾಡದೆ ಊರಿಗೆ ಬರುವುದಿಲ್ಲವೆಂಬ ಹಟ ಮಾತ್ರ ಬಿಡು. ನಿನ್ನ ಮುಖ ನೋಡಿ ಮೂರು ವರ್ಷವಾಯಿತು.

ಕುಲುಮೆಯ ಮುಂದೆ ನಿಲ್ಲುವ ನಿನ್ನ ಮೈಗೆ ತಂಪಿರಲಿ, ಹಿಡಿದ ಕೆಲಸ ಕೈಗೂಡಲಿ.

ನಿನ್ನ ಅಕ್ಕ,
ಮಹಾಲಕ್ಷ್ಮಿ

ತಾ.ಕ.: ಆಯಿ ತನ್ನ ತಪ್ಪನ್ನು ಒಂದೇ ಗಳಿಗೆಯಲ್ಲಿ ಒಪ್ಪಿಕೊಂಡಳು. ನನಗೆ ಹದಿನಾರು ವರ್ಷ ಬೇಕಾಯಿತು. ಕಂದೀಲಿನ ಗಾಜು ಸಿಡಿದು ನನ್ನ ಎಡಗಣ್ಣು ಹೋದದ್ದು ನೀನು ಆಟಕ್ಕೆ ಎರಚಿದ ನೀರಿನಿಂದಲ್ಲ. ಆ ನೀರು ನೆಲಕ್ಕೆ ಬಿದ್ದಿತ್ತು. ಉರಿಯುತ್ತಿದ್ದ ಕಂದೀಲಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದವಳು ನಾನು. ಅಪ್ಪಯ್ಯ ನಿನಗೆ ಹೊಡೆಯುವಾಗ ಹೆದರಿ ಸುಮ್ಮನಿದ್ದೆ, ಆಮೇಲೆ ಅದೇ ರೂಢಿಯಾಯಿತು. ನೀನಾಗ ಎಂಟು ವರ್ಷದವನು. ಗಾಜು ಮಾಡು ತಮ್ಮಾ, ಆದರೆ ನನ್ನ ಕಣ್ಣಿನ ಋಣ ತೀರಿಸಲೆಂದು ಬೇಡ. ಸಿಟ್ಟು ಬಂದರೆ ಎದುರಿಗೇ ಬೈ. ಬೈಯಲಿಕ್ಕಾದರೂ ಬಾ.