ದಂಟಿನೊಳಗೆ ಇಳಿಯದ ಬೆಳಕು

ನವೆಂಬರ್ 11, ಸೋಮವಾರ. ರಾಣೆಬೆನ್ನೂರು

ಕಾಲೇಜಿನ ಲ್ಯಾಬಿನಲ್ಲಿ ಮತ್ತೆ ಕರೆಂಟ್ ಹೋಯಿತು. ಯುವಿ ಲ್ಯಾಂಪ್ ಆರಿತು. ಪೆಟ್ಟಿಗೆಯಲ್ಲಿದ್ದ ಗೋವಿನಜೋಳದ ದಂಟಿನ ಪುಡಿ ಅರ್ಧಂಬರ್ಧ. ಎಲ್ಲ ಮೊದಲಿನಿಂದ.

ಅದೇ ಹೊತ್ತಿಗೆ ಕುಪ್ಪೇಲೂರಿನಿಂದ ಹೊಳಿಯಪ್ಪ ಕಾಕಾನ ಫೋನ್.

"ಮಹೇಶ್ವರಿ, ನಿನ್ನ ಲೈಟ್ ಏನ್ ಮಾಡ್ತೈತವ್ವಾ?"

"ದಂಟಿನ್ಯಾಗ ಲಿಗ್ನಿನ್ ಅಂತ ಇರ್ತೈತಿ ಕಾಕಾ. ನಾರು ಹಿಡಿದಿಡೋ ಅಂಟು ಇದ್ದಂಗ. ಅದಕ್ಕ ದನಕ್ಕ ಅರಗೂದಿಲ್ಲ. ಈ ಲೈಟ್ ಅದನ್ನ ಒಡೀತೈತಿ."

"ಹಂಗಾರ ದಂಟು ಮೆತ್ತಗಾಗ್ತೈತಿ?"

"ನೋಡಾಕತ್ತೇನಿ" ಅಂದೆ. ಮುಂದೆ ಹೇಳುವ ತಾಳ್ಮೆ ಇರಲಿಲ್ಲ.

ನವೆಂಬರ್ 15

ತೆಳ್ಳಗೆ ಹರಡಿದ ಪುಡಿಯಲ್ಲಿ ಲಿಗ್ನಿನ್ ಚೆನ್ನಾಗಿ ಕಡಿಮೆಯಾಗಿದೆ. ನನ್ನ ಸಂಶೋಧನೆಯ ಗೈಡ್ ಸರ್ ಖುಷ್. ಹಾವೇರಿಯಲ್ಲಿ ರೈತರ ಸಭೆ ಇದೆಯಂತೆ, ನಾನೇ ಮಾತಾಡಬೇಕಂತೆ.

ಆದರೆ ರೈತರು ದಂಟನ್ನು ಪುಡಿ ಮಾಡುತ್ತಾರೆಯೇ? ಇವತ್ತು ಅವರು ಕತ್ತರಿಸುವ ಹಾಗೆ ತುಂಡು ಮಾಡಿ ಲ್ಯಾಂಪಿನ ಕೆಳಗೆ ಇಟ್ಟೆ. ಮೇಲ್ಮೈಯ ಬಣ್ಣ ಬದಲಾಯಿತು. ಸೀಳಿ ನೋಡಿದೆ — ಒಳಗೆ ಏನೂ ಆಗಿಲ್ಲ. ಬೆಳಕು ಸಿಪ್ಪೆ ದಾಟುವುದೇ ಇಲ್ಲ. ತಿರುವಿ ಹಾಕಿದೆ. ಮತ್ತೆ ಅದೇ. ಥೂ.

ಸರ್‌ಗೆ ಹೇಳಿದೆ.

"ಪುಡಿ ರಿಸಲ್ಟ್ ಖರೇ ಐತಿಲ್ಲೋ? ಅಷ್ಟ ಹೇಳು. ತುಂಡಿನ ಮಾತು ಯಾಕ ತೆಗೀತಿ?"

ಖರೇ ಐತಿ. ಆದರೆ ಅರ್ಧ ಖರೇ, ಅದಕ್ಕೇ ಸಿಟ್ಟು.

ನವೆಂಬರ್ 19, ಬೆಳಗ್ಗೆ

ಶೇಖವ್ವ ಕಾಕಿಯ ಫೋನ್, ಅಳುತ್ತಾ. ಕಾಕಾ ನನ್ನ ಲೈಟಿನಂಥದ್ದೇ ಅಂತ ಹಾವೇರಿಯಿಂದ ಕ್ರಿಮಿ ಕೊಲ್ಲುವ ಯುವಿ ಟ್ಯೂಬ್ ತಂದು ದನದ ಮನೆಯಲ್ಲಿ ತೂಗುಹಾಕಿದ್ದಾನೆ. ನಿನ್ನೆ ಸಂಜೆಯೆಲ್ಲ ಅದರ ಕೆಳಗೇ ಕುಳಿತು ದಂಟು ತಿರುವಿದ್ದಾನೆ. ಈಗ ಕಣ್ಣು ಬಿಡಲಾಗುತ್ತಿಲ್ಲ.

"ಕಣ್ಣಾಗ ಉಸುಕು ತುಂಬಿದಂಗ ಆಗೇತಂತ. ಲಗೂ ಬಾರವ್ವಾ."

ಸಂಜೆ, ಕಣ್ಣಿನ ಆಸ್ಪತ್ರೆ

ಎರಡೂ ಕಣ್ಣಿಗೆ ಪಟ್ಟಿ. ಆ ಬೆಳಕಿಗೆ ಕಣ್ಣಿನ ಮೇಲಿನ ಪದರ ಸುಟ್ಟಿದೆ, ವಾಸಿಯಾಗುತ್ತದೆ ಅಂದರು ಡಾಕ್ಟರ್. ಭಯ ಇಳಿಯಿತು, ಕೋಪ ಏರಿತು.

"ಯಾರು ಹೇಳಿದ್ರು ನಿನಗ ಹಂಗ ಮಾಡಾಕ?"

"ಊರಾಗ ಮೊದಲ ನಾವ ಮಾಡೂಣು ಅಂದ್ನಿ. ನಮ್ಮ ಹುಡುಗಿ ಕಂಡುಹಿಡದಾಳ ಅಂತ ಹೇಳ್ಬೇಕಾಗಿತ್ತು." ಪಟ್ಟಿ ಮುಟ್ಟಿಕೊಂಡು, "ದನಕ್ಕ ಏನೂ ಆಗಿಲ್ಲವ್ವಾ. ಹೊರಗ ಕಟ್ಟಿದ್ನಿ."

ದನಕ್ಕೆ ಅಪಾಯ ಅಂತ ಹೊಳೆದಿದೆ. ತನಗೆ ಮಾತ್ರ...

ನವೆಂಬರ್ 22. ಹಾವೇರಿ

ರೈತರ ಸಭೆಯಲ್ಲಿ ಹೇಳಿಬಿಟ್ಟೆ. ಪುಡಿಯಲ್ಲಿ ಆಗುತ್ತದೆ, ತುಂಡಿನಲ್ಲಿ ಆಗುವುದಿಲ್ಲ, ದಯವಿಟ್ಟು ಯಾರೂ ದನದ ಮನೆಯಲ್ಲಿ ಈ ದೀಪ ಹಾಕಬೇಡಿ. ಕಾಕಾನ ಕಣ್ಣಿನ ಸುದ್ದಿಯನ್ನೂ ಹೇಳಿದೆ.

ಮುಂದಿನ ಸಾಲಿನಿಂದ ತಿರಕಪ್ಪ ಅನ್ನುವ ರೈತರು ಎದ್ದರು. "ಹಂಗಾರ ನಮ್ಮನ್ನ ಯಾಕ ಕರಸೀರಿ?"

"ಆಗೂದಿಲ್ಲ ಅಂತ ಹೇಳಾಕರಿ."

ಯಾರೋ ನಕ್ಕರು. ತಿರಕಪ್ಪ ನಗಲಿಲ್ಲ, ತಲೆಯಾಡಿಸಿ ಕುಳಿತರು. ಸರ್ ನನ್ನನ್ನು ಬಿಟ್ಟು ಕಾರಿನಲ್ಲಿ ಹೋದರು. ಬಸ್ಸಿನಲ್ಲಿ ನಿಂತುಕೊಂಡೇ ಬಂದೆ.

ನವೆಂಬರ್ 24. ಕುಪ್ಪೇಲೂರು

ಕಾಕಾ ಕಣ್ಣು ಬಿಟ್ಟಿದ್ದಾನೆ. ಕೆಂಪಗಿವೆ, ಕಾಣುತ್ತವೆ.

"ಬೆಳಕು ಒಳಗ ಹೋಗೂವಂಗ ಮಾಡಾಕ ಬರೂದಿಲ್ಲೇನ?"

"ಬರೂದಿಲ್ಲ ಕಾಕಾ!" ಕಿರುಚಿದೆ. ಕಾಕಿ ಒಲೆಯ ಕಡೆಯಿಂದ ತಿರುಗಿ ನೋಡಿದಳು.

"ಆತು ಬಿಡು. ನಿನ್ನ ಓದು ಏನಾತು?"

ಸರ್ ಫೋನ್ ಎತ್ತುತ್ತಿಲ್ಲ ಅಂತ ಹೇಳಲಾಗಲಿಲ್ಲ. ಅತ್ತುಬಿಟ್ಟೆ. ಕಾಕಾ ಪಕ್ಕಕ್ಕೆ ಬಂದು ಕುಳಿತ.

ನವೆಂಬರ್ 28, ಮಧ್ಯಾಹ್ನ. ಕಾಲೇಜು

ಸರ್ ಕರೆಸಿದರು. ಬೇರೆ ಗೈಡ್ ನೋಡಿಕೋ ಅನ್ನುತ್ತಾರೆ ಅಂತ ಮನಸ್ಸು ಗಟ್ಟಿಮಾಡಿಕೊಂಡೇ ಹೋದೆ. ಕುಳಿತುಕೋ ಅನ್ನಲಿಲ್ಲ.

"ನಿಮ್ಮ ಕಾಕಾನ ಕಣ್ಣು ಹೆಂಗದಾವ?"

"ಆರಾಮ್ ಆಗ್ಯಾವ್ರಿ."

ಕೈ ಚಾಚಿದರು. "ತುಂಡಿನ ರೀಡಿಂಗ್ ಎಲ್ಲಾ ಕೊಡು. ಥೀಸಿಸ್‌ನ್ಯಾಗ ಹಾಕೂದೋ ಬ್ಯಾಡೋ ನೋಡ್ತೇನಿ."

ಕೊಟ್ಟೆ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದೇನೆ. ಒಳಗೆ ಓದುತ್ತಿದ್ದಾರೆ. ಹಾಳೆ ತಿರುವುವ ಸದ್ದು... ನಿಂತಿತು. ಕುರ್ಚಿ ಸರಿಯಿತು. ಬಾಗಿಲ ಕಡೆಗೇ ಬರುತ್ತಿ—