ನಿನ್ನ ರೀಮಿಕ್ಸಿನಲ್ಲಿ ಹಾಡಿದವಳು

ಭಾಲ್ಕಿಯಲ್ಲಿರುವ ಅಶ್ವಜಿತಣ್ಣನಿಗೆ,

ಪ್ರೀತಿಯ ಅಣ್ಣ ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಗದದ ಮೇಲೆ ಗುರುತು ಕಾಣಿಸುತ್ತದೆ, ಕಾಣಿಸಲಿ.

ಫೋನಿಗೆ ಕಳಿಸಿದರೆ ನೀನು ಪೂರ್ತಿ ಓದುವ ಮೊದಲೇ ಹೆಬ್ಬೆಟ್ಟಿನ ಚಿತ್ರ ಒತ್ತಿಬಿಡುತ್ತೀ. ಅದಕ್ಕೇ ಅಂಚೆ. ನೀನು ಕೇಳಿದ್ದು ನಾಲ್ಕು ಸಾಲು: "ನೀ ಕನ್ನಡ ಎಂ.ಎ. ಮಾಡೀದಿ, ನನ್ನ ರೀಮಿಕ್ಸ್ ಬಗ್ಗೆ ನಾಕು ಸಾಲು ಚೊಲೋ ಬರದು ಕೊಡು ತಂಗಿ, ವಿಡಿಯೋದ ಕೆಳಗ ಹಾಕ್ತೀನಿ." ಬರೆಯಲೆಂದೇ ನಾನು ಅದನ್ನು ಹನ್ನೊಂದು ಸಲ ಹಚ್ಚಿ ಕೇಳಿದೆ. ಚೊಲೋ ಅನ್ನಿಸಿದ್ದು ಒಂದೇ ಕಡೆ. ಅದನ್ನೂ ಹೇಳುತ್ತೇನೆ, ಮೊದಲು ಉಳಿದದ್ದು.

ನಾವು ಚಿಕ್ಕವರಿದ್ದಾಗ ಆಡಿದ ಟಿವಿ ಗೇಮಿನ ಹಾಡಿಗೆ ಪೊಲೀಸ್ ಗಾಡಿಯ ಸೈರನ್ ಯಾಕೆ? ಮೊದಲ ನಲವತ್ತು ಸೆಕೆಂಡು ಯಾರನ್ನೋ ಹಿಡಿಯಲು ಹೊರಟವರ ಹಾಗೆ ಕೂಗಿಸಿದ್ದೀ. ಆಮೇಲೆ ಗುಂಡಿನ ಸದ್ದು, ಅದರ ಬೆನ್ನಿಗೇ ಎದೆಗೆ ಗುದ್ದುವ ಬೇಸು. ನನ್ನ ಫೋನು ಕಟ್ಟೆಯ ಮೇಲಿಂದ ತಾನೇ ಸರಿದು ಬಿತ್ತು. ಆ ಹಾಡು ಮೆಟ್ಟಿಲು ಹತ್ತುವ ಹಾಡು. ನಾಲ್ಕು ಸ್ವರ ಮೇಲೆ, ಒಂದು ಕೆಳಗೆ, ಮತ್ತೆ ನಾಲ್ಕು ಮೇಲೆ. ಕೇಳಿದವರಿಗೆ ಕಾಲು ಎತ್ತಿ ಇಡಬೇಕು ಅನ್ನಿಸಬೇಕು. ನೀನು ಅದನ್ನು ಹೈವೇ ಮೇಲೆ ಓಡಿಸಿದ್ದೀ. ಏರುವುದಿಲ್ಲ, ಇಳಿಯುವುದಿಲ್ಲ, ಒಂದೇ ಸಮ ಧಡಧಡ. ಮೂರು ಸಲ ಸದ್ದನ್ನು ಏರಿಸಿ ಏರಿಸಿ ಒಮ್ಮೆಲೇ ಬೀಳಿಸಿದ್ದೀ. ಮೊದಲ ಸಲ ಬೆಚ್ಚಿದೆ, ಎರಡನೇ ಸಲ ಗೊತ್ತಾಯಿತು, ಮೂರನೇ ಸಲ ಆಕಳಿಸಿದೆ.

ಎರಡು ನಿಮಿಷ ದಾಟಿದ ಮೇಲೆ ಒಂದು ಕಡೆ ಎಲ್ಲವನ್ನೂ ನಿಲ್ಲಿಸಿ, ಹಳೆಯ ಗೇಮ್ ಯಂತ್ರದ ಆ ಬಡ ಪೀಪೀ ಸದ್ದನ್ನಷ್ಟೇ ಬಿಟ್ಟಿದ್ದೀ. ಚೊಲೋ ಅಂದದ್ದು ಇದೇ. ಆರು ಸೆಕೆಂಡು. ನಿನಗೂ ಕಿವಿ ಇದೆ ಎಂದು ಅಲ್ಲಿ ಗೊತ್ತಾಗುತ್ತದೆ. ಏಳನೇ ಸೆಕೆಂಡಿಗೆ ಲಾರಿಯ ಹಾರ್ನು.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕೆಟ್ಟ ರೀಮಿಕ್ಸು ಲೋಕದಲ್ಲಿ ನಿನ್ನದೊಂದೇ ಅಲ್ಲ.

ನಿಮ್ಮ ಮನೆ, ನಮ್ಮ ಮನೆ ಚಿದ್ರಿಯಲ್ಲಿ ಒಂದೇ ಅಂಗಳದಲ್ಲಿದ್ದ ಕಾಲದಲ್ಲಿ ಟಿವಿ ಗೇಮ್ ಇದ್ದದ್ದು ನಮ್ಮ ಓಣಿಯ ಅರ್ಬಾಜನ ಮನೆಯಲ್ಲಿ ಮಾತ್ರ. ಕ್ಯಾಸೆಟ್ಟಿನ ಮೇಲೆ ಏನು ಬರೆದಿತ್ತೋ ನಮಗೆ ಯಾರಿಗೂ ಓದಲು ಬರುತ್ತಿರಲಿಲ್ಲ. ಟೋಪಿಯವನೊಬ್ಬ ಕೋಟೆ ಹತ್ತುತ್ತಿದ್ದ, ಅದಕ್ಕೆ ನಾವು ಕಿಲ್ಲಾ ಆಟ ಅಂದೆವು. ಅರ್ಬಾಜನ ತಾಯಿ ಖೈರುನ್ನಿಸಾ ಚಾಚಿ ಬಾಗಿಲಲ್ಲೇ ಹೇಳುತ್ತಿದ್ದರು: "ಆವಾಜ ಬಂದ್ ಇಟ್ಟು ಆಡ್ರೋ. ನಮ್ಮವರು ನೈಟ್ ಡ್ಯೂಟಿ ಮುಗಿಸಿ ಈಗಷ್ಟ ಮಲಗ್ಯಾರ. ಎದ್ದರಂದ್ರ ಟಿವಿನೂ ಹೊರಗ, ನೀವೂ ಹೊರಗ."

ಸದ್ದಿಲ್ಲದೆ ಆಟದ ಮೊದಲ ಮೂರು ಮಜಲು ಆಡಬಹುದಿತ್ತು. ನಾಲ್ಕನೆಯದು ಆಗುತ್ತಿರಲಿಲ್ಲ. ಅಲ್ಲಿ ಕಂದಕದ ಮೇಲಿನ ಸೇತುವೆ ಹೊಗೆಯಲ್ಲಿ ಮುಚ್ಚಿಹೋಗಿತ್ತು. ಹಾಡು ಮೇಲಿನ ಸ್ವರ ಮುಟ್ಟಿದಾಗ ಸೇತುವೆ ಕೆಳಗೆ ಬರುತ್ತಿತ್ತು, ಆ ಕ್ಷಣಕ್ಕೇ ಹಾರಬೇಕಿತ್ತು. ಹಾಡು ಕೇಳದೆ ನೀವೆಲ್ಲ ಕಂದಕದಲ್ಲಿ ಬಿದ್ದು ಬಿದ್ದು ಸತ್ತಿರಿ. ಚಾಚಾ ಊರಿಗೆ ಹೋಗಿದ್ದ ಎರಡು ದಿನ ಟಿವಿಗೆ ಸದ್ದು ಬಂದಿತ್ತಲ್ಲ, ಆಗ ಆ ಹಾಡು ನನಗೆ ಪೂರ್ತಿ ಬಾಯಿಗೆ ಬಂತು. ಶಾಲೆಯಲ್ಲಿ ಹಾಜರಿ ಕರೆದರೆ ಹೂಂ ಅನ್ನಲಾಗದವಳು ನಾನು. ಆದರೂ ಒಂದು ಮಧ್ಯಾಹ್ನ ನಿನ್ನ ಬೆನ್ನ ಹಿಂದೆ ಕೂತು, ಆ ಮಜಲು ಶುರುವಾದೊಡನೆ ಸಣ್ಣಗೆ ಹಾಡಿದೆ. ನೀನು ಹಾರಿದೆ, ಸೇತುವೆ ಸಿಕ್ಕಿತು. ಆಮೇಲೆ ಅರ್ಬಾಜ ಏನಂದ ನೆನಪಿದೆಯಾ? "ಇಕಿ ಬರೋತನಾ ನಾ ರಿಮೋಟ್ ಮುಟ್ಟಂಗಿಲ್ಲ." ಒಂದು ಬೇಸಿಗೆ ಪೂರ್ತಿ ಆ ಓಣಿಯ ಮಕ್ಕಳೆಲ್ಲ ನನ್ನ ದನಿಯ ಮೇಲೆ ಕಂದಕ ದಾಟಿದರು. ನನ್ನನ್ನು ಯಾರಾದರೂ ಕಾದಿದ್ದು ಆಗ ಮಾತ್ರ.

ಈ ಮಾರ್ಚಿನಲ್ಲಿ ನಾನು ಭಾಲ್ಕಿಗೆ ಬಂದಾಗ ನೀನು ನನ್ನನ್ನು ನಿನ್ನ ಕೋಣೆಯಲ್ಲಿ ಕೂರಿಸಿ ಮೈಕು ಕೊಟ್ಟೆ. "ಟ್ಯೂನ್ ಹಿಡಿಲಕ್ಕಷ್ಟ. ಒಂದ್ಸಲ ಹಾಡು, ಯಾರಿಗೂ ಕೇಳ್ಸಂಗಿಲ್ಲ." ಮೂರು ಸಲ ಹಾಡಿಸಿದೆ. ನಾನು ಮುಗಿಸಿದ ಮೇಲೆ ನೀನು ಇಂಟರ್ನೆಟ್ಟಿನಿಂದ ತೆಗೆದ ಮೂಲ ಹಾಡನ್ನು ಕೇಳಿಸಿ ನಕ್ಕೆ: "ನೋಡು, ಮ್ಯಾಲಿನ ಸ್ವರದ ಹತ್ತಿರ ನೀ ಎರಡು ಎಣಿಕಿ ಸುಮ್ನಾಗ್ತಿ. ಒರಿಜಿನಲ್‌ದಾಗ ಅಲ್ಲಿ ಗ್ಯಾಪೇ ಇಲ್ಲ. ಇಷ್ಟು ವರ್ಷ ತಪ್ಪೇ ಹಾಡೀದಿ."

ಅದಕ್ಕೆ ಉತ್ತರ ಇದೆ. ಈಗ ಕೇಳು. ಅದು ತಪ್ಪಲ್ಲ. ಗ್ಯಾಪ್ ಇಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಮೇಲಿನ ಸ್ವರ ಬಂದಾಗ "ಹಾರು" ಎಂದು ಕೂಗಬೇಕಿತ್ತು, ನನಗೆ ಕೂಗಲು ಬರುತ್ತಿರಲಿಲ್ಲ. ಅದಕ್ಕೆ ಹಾಡು ನಿಲ್ಲಿಸುತ್ತಿದ್ದೆ. ನಾನು ಸುಮ್ಮನಾದೊಡನೆ ನಿಮ್ಮ ಹೆಬ್ಬೆರಳು ತಾನಾಗಿ ಒತ್ತುತ್ತಿತ್ತು. ನೀವು ಹಾರಿದ್ದು ನನ್ನ ಹಾಡಿಗಲ್ಲ, ಆ ಎರಡು ಎಣಿಕೆಯ ಮೌನಕ್ಕೆ.

ಅಂದು ಹಿಡಿದಿಟ್ಟ ನನ್ನ ದನಿಯನ್ನೇ ರೀಮಿಕ್ಸಿಗೆ ಹಾಕಿ, ಅದೇ ಜಾಗದಲ್ಲಿ ನೀನು ತುಂಬಿದ್ದೇನು? ದಪ್ಪ ದನಿಯಲ್ಲಿ, ಗುಹೆಯೊಳಗಿಂದ ಬಂದಂತೆ, "ಡೀಜೇ ಅಶ್ವಜಿತ್, ಭಾಲ್ಕಿ ಕಾ ಬಾದಶಾ!" ಮೂರೂ ಮುಕ್ಕಾಲು ನಿಮಿಷದಲ್ಲಿ ಒಂಬತ್ತು ಸಲ. ಮದುವೆಯ ಡೀಜೇಗಳೆಲ್ಲ ತಮ್ಮ ಹೆಸರು ಕೂಗಿಸುತ್ತಾರೆ, ನಿನ್ನ ಹಾಡು ಬೇರೆಯವರು ಕದಿಯಬಾರದೆಂದು ನೀನೂ ಕೂಗಿಸಿದ್ದೀ, ಸರಿ. ಆದರೆ ನೀನು ಕದ್ದ ದನಿಯ ಮೇಲೆಯೇ ಆ ಮುದ್ರೆ ಒತ್ತಿದ್ದೀ. ಆ ದನಿಯನ್ನಾದರೂ ಇದ್ದ ಹಾಗೆ ಬಿಟ್ಟೆಯಾ? ಹಿಂಡಿ, ಜಗ್ಗಿ, ಕಿವಿಯ ಹತ್ತಿರ ಸುತ್ತುವ ಸೊಳ್ಳೆ ಮಾಡಿದ್ದೀ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಔರಾದಿನಲ್ಲಿ ಶಾಲುಬಾಯಿ ಅತ್ತೆಯ ಮೊಮ್ಮಗಳ ತೊಟ್ಟಿಲ ದಿನ ಆದದ್ದನ್ನು ನುಂಗಲಾಗುತ್ತಿಲ್ಲ. ನೀನು ಸ್ಪೀಕರಿಗೆ ಫೋನು ಹಚ್ಚಿ ರೀಮಿಕ್ಸ್ ಕೇಳಿಸುತ್ತಿದ್ದೆ. ನಾನು ಚಹಾದ ತಾಟು ಹಿಡಿದು ನಿನ್ನಿಂದ ಮೂರು ಮಾರು ದೂರದಲ್ಲಿದ್ದೆ.

"ಈ ಹುಡುಗಿ ದನಿ ಯಾರದಪಾ?" ಅತ್ತೆ ಕೇಳಿದಳು. "ಎಲ್ಲೋ ಕೇಳೀನಿ ನಾ."

ನೀನು ನನ್ನನ್ನು ನೋಡಿದೆ. ನೋಡಿಯೇ ಹೇಳಿದೆ: "ಮನ್ಷಾರದಲ್ಲ ಅತ್ತಿ. ಕಂಪ್ಯೂಟರ್‌ದಾಗ ಹುಟ್ಟಿದ ದನಿ ಅದ."

ಅತ್ತೆಯ ಮಗ ಸುಶೀಲಕುಮಾರ ಸುಮ್ಮನಿರುತ್ತಾನೆಯೇ? "ಹಂಗಾದ್ರ ಆ ಕಂಪ್ಯೂಟರಿಗೊಂದು ಗಂಡ ಹುಡುಕ್ರಿ, ಹುಡುಗಿ ವಯಸ್ಸಿಗೆ ಬಂದಾಳ!" ಮನೆಯೆಲ್ಲ ನಕ್ಕಿತು. ನಾನು ಚಹಾ ಕೊಟ್ಟೆ. ಎಲ್ಲರಿಗೂ, ನಿನಗೂ.

ಆಮೇಲೆ ನೀನು ನಳದ ಹತ್ತಿರ ಬಂದು ನನಗೆ ಸಮಾಧಾನ ಹೇಳಿದೆ: "ಹೆಣ್ಮಕ್ಕಳ ಹೆಸರು ಹಾಕಿದ್ರ ಮಂದಿ ಕೆಳಗ ಏನೇನರ ಬರೀತಾರ. ನಿನ್ನ ಸಲುವಾಗೇ ಹಂಗ ಅಂದೀನಿ. ನೀ ಹ್ಯಾಂಗೂ ಮಾತಾಡಾಕಿ ಅಲ್ಲ."

ಅಣ್ಣಾ, ಮಾತಾಡದವಳು ಎಂದರೆ ದನಿ ಇಲ್ಲದವಳು ಎಂದೇ ನಿನಗೆ ಅರ್ಥವಾಗಿದ್ದರೆ, ನೀನು ಶಬ್ದದ ಕೆಲಸ ಬಿಟ್ಟುಬಿಡು. ನನ್ನ ಮೌನವನ್ನು ಕಾಪಾಡಲು ನಿನಗೆ ಯಾರೂ ಹೇಳಿರಲಿಲ್ಲ. ಅದು ನನ್ನ ಸ್ವಭಾವ, ನಿನಗೆ ಸಿಕ್ಕ ಅನುಕೂಲವಲ್ಲ. ಈಗ ಐದನೇ ಮಜಲಿನದನ್ನೂ ಹಾಡಿ ಕಳಿಸು ಎಂದು ಕೇಳುತ್ತಿದ್ದೀ. ಕಂಪ್ಯೂಟರನ್ನೇ ಕೇಳು, ಅದಕ್ಕೆ ನಾಚಿಕೆಯಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ಇಂದು ಬೆಳಿಗ್ಗೆ ನಿನ್ನ ವಿಡಿಯೋದ ಕೆಳಗೆ ಬರೆದೆ: "ಇದರಲ್ಲಿ ಹಾಡಿದವಳು ನಾನು. ವಿಶಾಖಾ ವೈಜಿನಾಥ, ಚಿದ್ರಿ, ಬೀದರ." ಅಷ್ಟು ಬರೆಯಲು ಅರ್ಧ ಗಂಟೆ ಬೇಕಾಯಿತು. ಎರಡು ಸಲ ಊರಿನ ಹೆಸರು ಅಳಿಸಿದೆ, ಮತ್ತೆ ಸೇರಿಸಿದೆ. ಕಳಿಸಿದ ಹತ್ತೇ ನಿಮಿಷಕ್ಕೆ ಯಾರೋ ಗುರುತಿಲ್ಲದವನು ನಗುವ ಮುಖಗಳನ್ನು ಹಾಕಿ "ಪ್ರೂಫ್ ತೋರ್ಸು" ಎಂದು ಬರೆದ. ಮಂದಿ ಬರೆಯುತ್ತಾರೆ ಎಂದಿದ್ದೆಯಲ್ಲ, ನಿಜ, ಬರೆಯುತ್ತಾರೆ.

ಬಾಬಾ, ನಿನ್ನ ದೊಡ್ಡಪ್ಪ, ಡ್ಯೂಟಿಗೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು: "ಯಾಕವ್ವಾ, ಅವಾಗಿಂದ ಫೋನೇ ನೋಡ್ಲಕತ್ತೀದಿ? ಯಾರ್ದರ ಕೆಟ್ಟ ಸುದ್ದಿ ಬಂತೇನು?"

ರೀಮಿಕ್ಸ್ ಹಚ್ಚಿದೆ. ಅವರು ಬೂಟಿನ ಲೇಸು ಹಿಡಿದುಕೊಂಡೇ ಪೂರ್ತಿ ಕೇಳಿದರು, ನಿನ್ನ ಹೆಸರು ಒಂಬತ್ತೂ ಸಲ. "ನಮ್ಮ ಅಶ್ವಜಿತಂದು ಇದು," ಅಂದರು. "ಹುಡುಗಿ ಯಾರು?"

"ನಾನು ಬಾಬಾ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ಪಕ್ಕದ ಮನೆಯ ಗುರಮ್ಮ ಕೂಡ ಗೋಡೆಯಾಚೆಯಿಂದ ಇಣುಕಿದಳು.

ಬಾಬಾ ಫೋನನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಕೇಳಿದರು. ಆಮೇಲೆ, "ಮತ್ತ ಅವ ಯಾಕ ಅಂವಂದ ಹೆಸರೇ ಒದರ್ಲಕತ್ತಾನ?" ಎಂದು ಕೇಳಿ, ಲೇಸು ಕಟ್ಟಿಕೊಂಡು ಹೋದರು. ಸಂಜೆ ನಿನಗೆ ಫೋನು ಮಾಡುತ್ತಾರಂತೆ. ಉತ್ತರ ತಯಾರಿಟ್ಟುಕೋ. ಈ ಪತ್ರ ತಲುಪುವ ಹೊತ್ತಿಗೆ ಆ ಮಾತು ಆಗಿಹೋಗಿರುತ್ತದೆ, ಇದು ಅದರ ಬೆನ್ನಿಗೆ ಬರುವ ಕಾಗದ ಎಂದುಕೋ.

ನನ್ನ ದನಿ ತೆಗೆದುಹಾಕು ಎಂದು ನಾನು ಕೇಳುವುದಿಲ್ಲ. ಇರಲಿ, ಅದು ನನ್ನದೆಂದು ಬರೆ. ನಿನ್ನ ಹೆಸರು ಬೇರೆಲ್ಲಿಯಾದರೂ ನೂರು ಸಲ ಕೂಗಿಸಿಕೋ, ಆ ಎರಡು ಎಣಿಕೆಯಿಂದ ತೆಗೆ. ಔರಾದಿಗೆ ಫೋನು ಮಾಡಿ ಅತ್ತೆಗೆ ನೀನೇ ಹೇಳು, ನಿನ್ನ ಬಾಯಿಂದಲೇ. ನನ್ನ ಸಾಲನ್ನು ನೀನು ಅಳಿಸಿದರೆ ಮತ್ತೆ ಬರೆಯುತ್ತೇನೆ. ಈಗ ಅರ್ಧ ಗಂಟೆ ಬೇಕಾಗುವುದಿಲ್ಲ.

ನಿನ್ನ ಸ್ಪೀಕರುಗಳು ಗಟ್ಟಿಯಾಗಿರಲಿ, ಕಿವಿಗಳು ಅದಕ್ಕಿಂತ ಗಟ್ಟಿಯಾಗಲಿ. ಕಾಕಾ ಕಾಕಿಗೆ ನಮಸ್ಕಾರ ಹೇಳು. ನಿನಗೆ ಸದ್ಯಕ್ಕೆ ಇಲ್ಲ.

ಹಾಡಿದವಳು,
ವಿಶಾಖಾ