ಮೂವತ್ತೊಂದಕ್ಕೆ ‘ಬೇಡ’ ಎನ್ನಿ

ಕಾಟರ್ ಕ್ರೀಕ್, ಆರೆಗನ್
ನವೆಂಬರ್ 18, 2018

ಪ್ರೀತಿಯ ವೇಡ್,

ಹೇಗಿದ್ದೀಯ? ಹಲ್ಲುನೋವು ಕಡಿಮೆಯಾಯಿತೆ? ಜೈಲಿನ ದಂತವೈದ್ಯರ ಸರದಿ ಬರುವಷ್ಟರಲ್ಲಿ ಹಲ್ಲೇ ಬೇಸತ್ತು ಉದುರಿಹೋಗುತ್ತದೆ ಎಂದು ನೀನು ಬೇಸಿಗೆಯಲ್ಲಿ ಬರೆದಿದ್ದೆಯಲ್ಲ, ಅಮ್ಮ ಅದನ್ನು ಚರ್ಚಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದಳು. ಮನೆಗೆ ಬಂದ ಮೇಲೆ ಅತ್ತಳು. ಅವಳು ಚೆನ್ನಾಗಿದ್ದಾಳೆ. ಕೈನಡುಕ ಮಾತ್ರ ಹೆಚ್ಚಾಗಿದೆ. ಸೂಪು ಕುಡಿಯುವಾಗ ಈಗ ಚಮಚ ಬಿಟ್ಟು ಬಟ್ಟಲನ್ನೇ ಎತ್ತಿಕೊಳ್ಳುತ್ತಾಳೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರಿಸದೆ ಕುಳಿತದ್ದಕ್ಕೆ ಕ್ಷಮಿಸು. ಚುನಾವಣೆಯ ಗಡಿಬಿಡಿ ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಅದು ನಿಜವಲ್ಲ. ನೀನು ಬರೆದದ್ದು ಒಂದೇ ಸಾಲು: ‘ಅಕ್ಕ, ಶಿಫಾರಸು ಪುಟದಲ್ಲಿ ಮೂವತ್ತೊಂದನೇ ಪ್ರಸ್ತಾವದ ಬಗ್ಗೆ ಬರೆದದ್ದು ನೀನೇನಾ?’ ಆ ಒಂದು ಸಾಲನ್ನು ಕೈಚೀಲದಲ್ಲಿಟ್ಟುಕೊಂಡು ಮೂರು ವಾರ ಓಡಾಡಿದ್ದೇನೆ.

ಹೌದು, ನಾನೇ.

ಹೇಗಾಯಿತೆಂದು ಹೇಳುತ್ತೇನೆ. ಕೇಳಿದ ಮೇಲೆ ನಿನಗೆ ಏನನ್ನಿಸುತ್ತದೋ ಅನ್ನಿಸಲಿ.

ನಮ್ಮೂರಿನವರು ಮತಪತ್ರ ಅಂಚೆಯಲ್ಲಿ ಬಂದ ಕೂಡಲೇ ತುಂಬುವುದಿಲ್ಲ, ನಮ್ಮ ಪತ್ರಿಕೆಯ ಶಿಫಾರಸು ಪುಟಕ್ಕೆ ಕಾಯುತ್ತಾರೆ. ಅದನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳುತ್ತಾರೆ. ಅರ್ಧ ಜನ ನಾವು ಹೇಳಿದಂತೆ ಹಾಕಿದರೆ ಇನ್ನರ್ಧ ಜನ ಬೇಕೆಂದೇ ತದ್ವಿರುದ್ಧವಾಗಿ ಹಾಕುತ್ತಾರೆ. ಪುಟವಂತೂ ಇಬ್ಬರಿಗೂ ಬೇಕು. ಅದನ್ನು ತೀರ್ಮಾನಿಸುವವರು ಮೂವರು: ಪತ್ರಿಕೆಯ ಮಾಲೀಕ ಹಾರ್ಲನ್ ಪೀಬಲ್ಸ್, ಸಂಪಾದಕಿ ನಾನು, ಊರಿನ ಪರವಾಗಿ ಒಬ್ಬರು. ಈ ವರ್ಷ ಊರಿನ ಪರವಾಗಿ ಬಂದವರು ಮಿಸೆಸ್ ಲ್ಯಾರಬಿ.

ನೀನು ಈ ಸಾಲನ್ನು ಎರಡು ಸಲ ಓದುತ್ತೀಯೆಂದು ನನಗೆ ಗೊತ್ತು. ಹೌದು, ಅವರೇ. ನಮ್ಮಿಬ್ಬರಿಗೂ ನಾಲ್ಕನೇ ತರಗತಿ ಕಲಿಸಿದವರು, ಕರ್ಟಿಸ್‌ನ ತಾಯಿ. ಹಾರ್ಲನ್ ಕರೆದಾಗ ಅವರು ಒಪ್ಪಲಾರರು ಎಂದುಕೊಂಡಿದ್ದೆ. ಒಪ್ಪಿದರು. ಸೆಪ್ಟೆಂಬರ್‌ನಿಂದ ಪ್ರತಿ ಗುರುವಾರ ಮಧ್ಯಾಹ್ನ ನನ್ನೆದುರಿನ ಕುರ್ಚಿಯಲ್ಲಿ ಕುಳಿತು, ಕನ್ನಡಕ ಒರೆಸಿ, “ಸರಿ, ಮುಂದಿಂದು?” ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ನಾವಿಬ್ಬರೂ ಈ ಊರಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡೇ ಬದುಕಿದ್ದೆವು. ಅವರು ದಿನಸಿ ಅಂಗಡಿಗೆ ಮಂಗಳವಾರ ಹೋಗುತ್ತಾರೆ, ನಾನು ಶುಕ್ರವಾರ. ಯಾರೂ ಮಾತಾಡಿ ಗೊತ್ತುಮಾಡಿದ್ದಲ್ಲ.

ವಾಷಿಂಗ್ಟನ್ನಿನ ಕಾಂಗ್ರೆಸ್ ಸ್ಥಾನಕ್ಕೆ ನಿಂತ ಇಬ್ಬರನ್ನೂ ಕರೆಸಿ ಮಾತಾಡಿಸಿದೆವು. ಈಗಿರುವ ಸದಸ್ಯ ಬರ್ಲ್ ಹ್ಯಾದವೇ ಬಂದವನೇ ಮೂರು ಡೋನಟ್ ತಿಂದು, ತನ್ನ ಅಜ್ಜ ಇಲ್ಲಿ ಗೋಧಿ ಬೆಳೆದ ಕತೆ ಶುರುಮಾಡಿದ. ಮಿಸೆಸ್ ಲ್ಯಾರಬಿ ಬೆರಳೆತ್ತಿ ನಿಲ್ಲಿಸಿದರು.

“ಅಜ್ಜನ ವಿಷಯ ಇರಲಿ ಬರ್ಲ್. ನಮ್ಮೂರ ಪೋಸ್ಟಾಫೀಸು ಯಾವತ್ತು ಮುಚ್ಚಿರುತ್ತೆ, ಹೇಳು ನೋಡೋಣ.”

“ಭಾನುವಾರ ಮೇಡಂ,” ಎಂದ ಅವನು ನಗುತ್ತ.

“ಬುಧವಾರ ಮಧ್ಯಾಹ್ನಾನೂ ಮುಚ್ಚಿರುತ್ತೆ. ನೀನು ವಾಷಿಂಗ್ಟನ್‌ನಲ್ಲಿ ಖರ್ಚು ಕಡಿತಕ್ಕೆ ಕೈ ಎತ್ತಿದ್ಯಲ್ಲ, ಅದರ ಪುಣ್ಯ.”

ಹಾರ್ಲನ್‌ಗೆ ಕಾಫಿ ನೆತ್ತಿಗೇರಿತು. ಎದುರಾಳಿ ಸೀಲಿಯಾ ಕಿರೋಸ್, ನೀರಾವರಿ ಎಂಜಿನಿಯರ್, ಡೋನಟ್ ಮುಟ್ಟಲಿಲ್ಲ. ಕಾಲುವೆಯ ನಕ್ಷೆ ಬಿಚ್ಚಿ ಮುಕ್ಕಾಲು ಗಂಟೆ ಮಾತಾಡಿದಳು. ಒಂದಕ್ಕೆ ಎರಡು ಮತದಿಂದ ಅವಳ ಹೆಸರನ್ನೇ ಶಿಫಾರಸು ಮಾಡಿದೆವು. ಸೋತಳು, ಅದು ಬೇರೆ ಮಾತು. ಸೇತುವೆಯ ಪ್ರಸ್ತಾವಕ್ಕೆ ‘ಹೌದು’, ಬೇಟೆಯ ಪರವಾನಗಿಯದಕ್ಕೆ ‘ಬೇಡ’. ಹೀಗೆ ಒಂದೊಂದಾಗಿ ಮುಗಿಸುತ್ತ ಬಂದೆವು. ಪ್ರತಿ ಗುರುವಾರವೂ ಮೂವತ್ತೊಂದನ್ನು ಮುಂದಿನ ವಾರಕ್ಕೆ ತಳ್ಳುತ್ತಿದ್ದೆವು. ಕೊನೆಗೆ ಅದೊಂದೇ ಉಳಿಯಿತು.

ಹದಿನೆಂಟು ತುಂಬುವ ಮೊದಲೇ ದೊಡ್ಡ ಶಿಕ್ಷೆಯಾದವರಿಗೆ ಇಪ್ಪತ್ತು ವರ್ಷದ ನಂತರ ಒಂದು ವಿಚಾರಣೆ. ಬಿಡುಗಡೆಯಲ್ಲ, ಬರೀ ವಿಚಾರಣೆ. ಆ ಕಾಗದವನ್ನು ನೀನು ನನಗಿಂತ ಹೆಚ್ಚು ಸಲ ಓದಿದ್ದೀಯ. ಪೆಟ್ರೋಲ್ ಬಂಕಿನಲ್ಲಿ ನಿನ್ನ ಕೈಯ ಪಿಸ್ತೂಲಿನಿಂದ ಕರ್ಟಿಸ್ ಸತ್ತಾಗ ಅವನಿಗೆ ಇಪ್ಪತ್ತಮೂರು, ನಿನಗೆ ಹದಿನೇಳು. ಮೂವತ್ತೊಂದು ಗೆದ್ದಿದ್ದರೆ ಮುಂದಿನ ಫೆಬ್ರವರಿಗೆ ನಿನ್ನ ಸರದಿ.

ನಾನು ಮೊದಲೇ ಹೇಳಿದೆ, “ಇದರಲ್ಲಿ ನಾನು ಇರಲ್ಲ. ಆಚೆ ಹೋಗಿ ಕೂತಿರ್ತೀನಿ. ನೀವಿಬ್ರೂ ತೀರ್ಮಾನ ಮಾಡಿ.”

ಹಾರ್ಲನ್ ಕತ್ತು ಕೆರೆದುಕೊಂಡರು. “ಗ್ರೆಟಾ, ನೀನು ಆಚೆ ಕೂತ್ರೆ ನೀನು ಆಚೆ ಕೂತಿದ್ದೇ ಊರಿಗೆಲ್ಲ ಸುದ್ದಿ. ‘ಹೌದು’ ಅಂದ್ರೆ ತಮ್ಮನಿಗೋಸ್ಕರ ಅಂತಾರೆ. ಬರೀದೇ ಬಿಟ್ರೆ ಹೆದರಿದ್ಲು ಅಂತಾರೆ. ನಾನು ಬರಿಯೋಣ ಅಂದ್ರೆ ನನಗೆ ದನದ ಸಂತೆ ಜಾಹೀರಾತೂ ನೆಟ್ಟಗೆ ಬರಿಯೋಕ್ಕೆ ಬರಲ್ಲ.”

“ನಿಮ್ಮ ಮತ ಏನು ಹಾರ್ಲನ್?”

“ನನ್ನದು ‘ಬೇಡ’. ಕೋರ್ಟು ಒಂದ್ಸಲ ಹೇಳಿದ್ಮೇಲೆ ಮುಗೀತು. ನಿನ್ನ ಮೇಲೆ ಸಿಟ್ಟಿಲ್ಲ ಕಣಮ್ಮ, ವೇಡ್ ಮೇಲೂ ಇಲ್ಲ.”

ಇಬ್ಬರೂ ಮಿಸೆಸ್ ಲ್ಯಾರಬಿಯ ಕಡೆ ತಿರುಗಿದೆವು. ಅವರು ಕೈಲಿದ್ದ ಪೆನ್ಸಿಲನ್ನೇ ನೋಡುತ್ತ “ಬೇಡ” ಎಂದರು. ಒಂದೇ ಮಾತು. ಆಮೇಲೆ ನನ್ನನ್ನು ನೋಡಿ, “ನೀನೇ ಬರಿ ಗ್ರೆಟಾ. ನಾನು ಬರೆದ್ರೆ ಸಿಟ್ಟು ಬಂದ್ಬಿಡುತ್ತೆ. ನೀನು ಬರೆದ್ರೆ ನ್ಯಾಯವಾಗಿರುತ್ತೆ,” ಎಂದರು.

ಆ ಹೊತ್ತಿನಲ್ಲಿ ಏನೆನ್ನಬೇಕಿತ್ತು, ನೀನೇ ಹೇಳು. ಮಗನನ್ನು ಕಳೆದುಕೊಂಡ ತಾಯಿ ಎದುರು ಕುಳಿತು ನನ್ನ ನ್ಯಾಯಬುದ್ಧಿಯನ್ನು ನಂಬುತ್ತೇನೆ ಎನ್ನುತ್ತಿದ್ದಾರೆ. ನಿನ್ನ ಪ್ರಕರಣವಾದ ಮೇಲೆ ಇಡೀ ಊರಿನಲ್ಲಿ ನನಗೆ ಕೆಲಸ ಕೊಟ್ಟ ಒಬ್ಬರೇ ಒಬ್ಬರು, ಹಾರ್ಲನ್, ಪಕ್ಕದಲ್ಲಿದ್ದಾರೆ. ಆ ಕೋಣೆಗೆ ಎರಡು ಬಾಗಿಲಿವೆ. ನನಗೆ ಒಂದೂ ಕಾಣಲಿಲ್ಲ. “ಸರಿ,” ಎಂದೆ.

ಮಾರನೆಯ ದಿನ ಬೆಳಿಗ್ಗೆ ಕುಳಿತು ಬರೆದೆ. ಕೆಟ್ಟದಾಗಿ ಬರೆಯೋಣ, ಯಾರೂ ನಂಬದಂತೆ ಬರೆಯೋಣ ಎಂಬ ಯೋಚನೆ ಬಂದದ್ದು ನಿಜ. ಕೈ ಕೇಳಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದ ಕೈ, ವಾದವನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿತು. ‘ಸಂತ್ರಸ್ತ ಕುಟುಂಬಗಳು ಮತ್ತೊಮ್ಮೆ ಅದೇ ಕೋಣೆಯಲ್ಲಿ ಕುಳಿತು ಅದನ್ನೇ ಕೇಳಬೇಕೆ?’ ಎಂಬ ಸಾಲನ್ನು ದೊಡ್ಡ ಪತ್ರಿಕೆಯೊಂದು ಎತ್ತಿ ಹಾಕಿಕೊಂಡಿತು. ಕೂದಲು ಕಟಿಂಗ್ ಮಾಡಿಸಿಕೊಳ್ಳಲು ಹೋದರೆ ಅಲ್ಲಿಯೂ ಹೊಗಳಿದರು. “ಗ್ರೆಟಾ, ನಿಮಗೆ ಎಷ್ಟು ಕಷ್ಟ ಆಗಿರ್ಬೇಕು! ದೊಡ್ಡ ಮನಸ್ಸು ನಿಮ್ದು.” ಕತ್ತರಿ ಕಿವಿಯ ಹತ್ತಿರವಿತ್ತು, ಏಳುವಂತಿರಲಿಲ್ಲ.

ಅಮ್ಮ ಅಷ್ಟರಲ್ಲಿ ಮನೆ ಮುಂದೆ ‘ಮೂವತ್ತೊಂದಕ್ಕೆ ಹೌದು’ ಎನ್ನುವ ಫಲಕ ನೆಡಿಸಿದ್ದಳು. ಸಂಪಾದಕಿಯ ಮನೆ ಮುಂದೆ ಪ್ರಚಾರದ ಫಲಕ ಇರುವಂತಿಲ್ಲ ಎಂದೆ. “ಪೇಪರ್ ನಿಂದು, ಅಂಗಳದ ಹುಲ್ಲು ನಂದು,” ಎಂದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ನನ್ನ ಮುಖ ನೋಡಿ, “ತೆಗಿ, ತೆಗಿ. ನಿನ್ನನ್ನೂ ಕಳ್ಕೊಂಡು ನಾನೇನು ಮಾಡ್ಲಿ,” ಎಂದಳು. ಕಿತ್ತು ಗ್ಯಾರೇಜಿನಲ್ಲಿಟ್ಟೆ.

ಫಲಿತಾಂಶ ನಿನಗೆ ಗೊತ್ತೇ ಇದೆ. ರಾಜ್ಯದಲ್ಲಿ ಸೋತಿತು. ನಮ್ಮ ಜಿಲ್ಲೆಯಲ್ಲಂತೂ ಮೂವರಲ್ಲಿ ಇಬ್ಬರು ‘ಬೇಡ’ ಎಂದರು.

ಇನ್ನೊಂದು ವಿಷಯ ಬರೆಯಬೇಕು, ಅದಕ್ಕಾಗಿಯೇ ಇಂದು ಕುಳಿತದ್ದು. ಕಳೆದ ಗುರುವಾರ ಮಿಸೆಸ್ ಲ್ಯಾರಬಿ ಕಚೇರಿಗೆ ಬಂದರು. ಸಮಿತಿಯ ಕೆಲಸ ಮುಗಿದಿತ್ತು, ಬರಬೇಕಾದ್ದಿರಲಿಲ್ಲ. ಅದೇ ಕುರ್ಚಿಯಲ್ಲಿ ಕುಳಿತರು. ಕೋಟು ತೆಗೆಯಲಿಲ್ಲ.

“ನೀನು ಬರೆದಿದ್ದನ್ನ ನಾಲ್ಕು ಸಲ ಓದಿದೆ,” ಎಂದರು. “ಚೆನ್ನಾಗಿ ಬರೆದಿದ್ದೀಯ. ಕಾಮಾ ಕೂಡ ಹೆಚ್ಚುಕಮ್ಮಿ ಇಲ್ಲ. ಆದ್ರೆ ‘ಅಪರಾಧಿ’ ಅಂತ ಐದು ಕಡೆ ಬರೆದಿದ್ದೀಯ ಗ್ರೆಟಾ. ‘ಹುಡುಗ’ ಅಂತ ಒಂದು ಕಡೆನೂ ಇಲ್ಲ.”

ನಾನು ಮೇಜಿನ ಮೇಲಿದ್ದ ಆ ಪುಟವನ್ನು ಮಗುಚಿಟ್ಟೆ.

“ಅವನು ನನ್ನ ಕ್ಲಾಸಲ್ಲಿ ಕಿಟಕಿ ಪಕ್ಕ ಕೂತಿರ್ತಿದ್ದ ಕಣೇ. ಗುಣಾಕಾರ ಬರ್ತಿರಲಿಲ್ಲ. ಎಂಟರ ಮಗ್ಗಿಗೆ ಬಂದ್ರೆ ಅಳೋನು.” ಕನ್ನಡಕ ಒರೆಸಿ ಹೇಳಿದರು, “ಈ ಮೇಜಿನ ಮುಂದೆ ನೀವಿಬ್ರೂ ನನ್ನ ಮುಖಾನೇ ನೋಡ್ತಿದ್ರಿ. ಕರ್ಟಿಸ್ ತಾಯಿ ಇನ್ನೇನು ಅಂದಾಳು? ಅದನ್ನೇ ಅಂದೆ. ಮನೇಲಿ ಯಾರೂ ನೋಡೋರಿರಲಿಲ್ಲ. ‘ಹೌದು’ ಅಂತ ಹಾಕ್ದೆ. ಕ್ಷಮಿಸಿಬಿಟ್ಟೆ ಅಂತ ಅಲ್ಲ, ಅದು ನನ್ನ ಕೈಲಿ ಆಗಲ್ಲ. ಅವನ ಮಾತನ್ನ ಯಾರಾದ್ರೂ ಒಂದ್ಸಲ ಕೂತು ಕೇಳ್ಲಿ ಅಂತ ಅಷ್ಟೆ.”

ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. “ಪೇಪರ್‌ನಲ್ಲಿ ಹಾಕ್ಬೇಡ. ಅವನಿಗೆ ಬೇಕಾದ್ರೆ ಬರಿ. ನೀನಂತೂ ‘ಹೌದು’ನೇ ಹಾಕಿರ್ತೀಯ, ಅಕ್ಕ ಅಲ್ವಾ. ಬರೆಯೋದು ಒಂದು, ಹಾಕೋದು ಒಂದು. ನಾವಿಬ್ರೂ ಒಂದೇ ತರ ಸುಳ್ಳಿಯರು.” ವಾಪಸ್ ಬಂದು ನನ್ನ ಭುಜ ತಟ್ಟಿ ಹೋದರು. ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಅವರ ಮಾತನ್ನು ನಿನಗೆ ಮುಟ್ಟಿಸಿದ್ದೇನೆ ವೇಡ್. ಅದನ್ನು ಇಟ್ಟುಕೋ. ಈ ವರ್ಷ ನಿನಗೆ ಬೇರೇನೂ ಸಿಗಲಿಲ್ಲ, ಇದು ಸಿಕ್ಕಿತು. ಚಳಿಗಾಲ ಬಂತು, ನಾವು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೋ. ಹಲ್ಲಿನ ವಿಷಯ ಬಿಡದೆ ಕೇಳುತ್ತಿರು. ದೇವರು ನಿನ್ನ ಕೈಬಿಡದಿರಲಿ, ನಿನ್ನ ನಿದ್ದೆ ಹಗುರವಾಗಿರಲಿ. ಅಮ್ಮನ ಮುತ್ತುಗಳು.

ನಿನ್ನ ಅಕ್ಕ,
ಗ್ರೆಟಾ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದ್ದು. ನನ್ನ ಮತ ಏನೆಂದು ಫೋನಿನಲ್ಲಿ ನೀನು ಕೇಳೇ ಕೇಳುತ್ತೀಯ, ನನ್ನ ದನಿ ಸುಳ್ಳು ಹೇಳಿಬಿಡುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತೇನೆ. ಶಿಫಾರಸನ್ನು ಮೂವರು ಸೇರಿ ಮಾಡಿದೆವು ಎನ್ನಬಹುದು. ಮತಪತ್ರದ ಮುಂದೆ ನಾನೊಬ್ಬಳೇ ಇದ್ದೆ. ಚುನಾವಣೆಗೆ ಮುಂಚಿನ ಭಾನುವಾರ, ಚರ್ಚಿನಿಂದ ಬಂದು ಅಡುಗೆಮನೆಯ ಮೇಜಿನ ಮೇಲೆ ಎರಡು ಮತಪತ್ರ ಹರಡಿಕೊಂಡೆ. ಅಮ್ಮನ ಕೈ ನಡುಗುತ್ತದಲ್ಲ, ಅವಳು ಹೇಳಿದಂತೆ ಅವಳದನ್ನು ನಾನೇ ತುಂಬಿದೆ. ಮೂವತ್ತೊಂದಕ್ಕೆ ‘ಹೌದು’. “ಗಟ್ಟಿಯಾಗಿ ತುಂಬು, ಕಾಣ್ಬೇಕು,” ಎಂದಳು. ಆಮೇಲೆ ನನ್ನದು. ನೀನು ಮನೆಗೆ ಬಂದು ಅಮ್ಮನ ಎದುರು ಕುಳಿತಿರುವುದನ್ನು ಕಣ್ಣಮುಂದೆ ತಂದುಕೊಂಡೆ, ಕಾಣಿಸಿತು. ನಿನ್ನ ಜೊತೆ ದಿನಸಿ ಅಂಗಡಿಗೆ ಹೋಗುವುದನ್ನು ತಂದುಕೊಂಡೆ. ಅಲ್ಲಿ ಮಿಸೆಸ್ ಲ್ಯಾರಬಿ ಬ್ರೆಡ್ಡಿನ ಕಪಾಟಿನ ಮುಂದೆ ನಿಂತಿದ್ದರು. ಅಲ್ಲಿಂದ ಮುಂದಕ್ಕೆ ನನ್ನ ಹೆಜ್ಜೆ ಏಳಲಿಲ್ಲ. ಅದೇ ಪೆನ್ನಿನಿಂದ ‘ಬೇಡ’ ತುಂಬಿದೆ. ಅಮ್ಮ “ಆಯ್ತಾ?” ಎಂದಳು. ಆಯ್ತು ಎಂದೆ. ಅವಳ ಮತವನ್ನು ನನ್ನ ಮತ ಅಲ್ಲೇ ನುಂಗಿಹಾಕಿತು. ಅವಳಿಗೆ ಇನ್ನೂ ಗೊತ್ತಿಲ್ಲ. ಡಿಸೆಂಬರ್ ಮೊದಲ ಶನಿವಾರ ಭೇಟಿಗೆ ಇಬ್ಬರೂ ಹೆಸರು ಕೊಟ್ಟಿದ್ದೇವೆ. ನನ್ನ ಮುಖ ನೋಡುವುದು ಬೇಡವೆನ್ನಿಸಿದರೆ ಪಟ್ಟಿಯಿಂದ ನನ್ನ ಹೆಸರು ತೆಗೆಸು. ಅವಳನ್ನು ಬಾಗಿಲವರೆಗೆ ಬಿಟ್ಟು ನಾನು ಕಾರಿನಲ್ಲೇ ಕುಳಿತಿರುತ್ತೇನೆ.